ಸೇನಾಪತಿ ಗೆದ್ದ ಸಂಜೆ

ಎಂಬತ್ತರ ದಶಕದ ಒಂದು ಬೇಸಿಗೆ ಸಂಜೆ ನಾನು ಅಫಜಲಪುರ ಬಸ್‌ಸ್ಟ್ಯಾಂಡಿನ ಎದುರಿಗಿದ್ದ ಚಹಾದಂಗಡಿಯ ಹೊಸ್ತಿಲಲ್ಲಿ ನಿಂತಿದ್ದೆ. ಒಳಗೆ ನಮ್ಮೂರ ಶಾಲೆಯ ಮಾಸ್ತರರು ತಾವು ಬರೆದ ನಕ್ಷತ್ರಯುದ್ಧದ ಕಾದಂಬರಿಯನ್ನು ಓದುತ್ತಿದ್ದರು. ಅದರಲ್ಲಿ ಶತ್ರುನೌಕೆ ಕಂಡೊಡನೆ ಸೇನಾಪತಿ ಓಡಿಹೋಗುತ್ತಾನೆ, ಕಾಲಾಳೊಬ್ಬ ಒಂಟಿಯಾಗಿ ಕಾದಾಡುತ್ತಾನೆ. ಸೇನಾಪತಿಯ ಮೀಸೆ, ಕೆಮ್ಮು ಎರಡೂ ಎದುರಿಗೆ ಕುಳಿತಿದ್ದ ನಮ್ಮೂರ ಗೌಡರವೇ.

“ಮಾಸ್ತರ, ನಾ ಓಡಿ ಹೋಗಾಂವ ಏನ್ರಿ? ನೌಕರಿ ಇಲ್ಲೇ ಮಾಡ್ತೀರೋ, ವರ್ಗಾ ಮಾಡಸ್ಲೋ?” ಎಂದರು ಗೌಡರು.

ಮಾಸ್ತರರು ಅಲ್ಲೇ ತಿದ್ದಿ ಮತ್ತೆ ಓದಿದರು. ಈಗ ಸೇನಾಪತಿ ನಿಂತು ಗೆದ್ದ, ಕಾಲಾಳು ಓಡಿದ. ಗೌಡರು ಎಲ್ಲರಿಗೂ ಚಹಾ ಹೇಳಿದರು.

ನನ್ನ ಪಕ್ಕದಲ್ಲಿ ನೆಲದ ಮೇಲೆ ಕುಳಿತಿದ್ದ ಗೌಡರ ಆಳು ಮೆಲ್ಲಗೆ ಕೇಳಿದ: “ಗೌಡ್ರ, ಮ್ಯಾಲಿನ ಲಡಾಯ್ಯಾಗೂ ನಾವೇ ಓಡ್ಬೇಕೇನ್ರಿ?”

ಇದನ್ನು ಕಂಡವರಲ್ಲಿ ನನ್ನ ಹೊರತು ಆ ಆಳೊಬ್ಬನೇ ಇನ್ನೂ ಬದುಕಿದ್ದಾನೆ.