ಮಚ್ಛೇಂದ್ರ ಮಾಸ್ತರರ ಗಾಜಿನ ಅಲಮಾರಿ

ನನ್ನ ಸೋದರಮಾವ ಮಚ್ಛೇಂದ್ರ ಮಾಸ್ತರರು ಯಾವ ಮಾತಿಗೂ ನೇರ ಉತ್ತರ ಕೊಟ್ಟ ಮನುಷ್ಯರಲ್ಲ. ಹೌದು ಅಂದ ಬಾಯಲ್ಲೇ ‘ಆದರ...’ ಅನ್ನುವರು. ಊಟಕ್ಕೆ ಕರೆದರೂ ಹೊಸ್ತಿಲಲ್ಲಿ ನಿಂತು ಯೋಚಿಸುವರು. ಇಂಥವರ ಕೊರಳಿಗೆ ಸರಕಾರ ಒಂದು ಅನುದಾನ ಕಟ್ಟಿತು.

ತರಗತಿಯಲ್ಲಿ ಮಕ್ಕಳಿಂದ ಹೊಸದೇನಾದರೂ ಮಾಡಿಸುವ ಶಾಲೆಗಳಿಗೆ ಸಣ್ಣ ಸಹಾಯಧನ ಕೊಡುತ್ತೇವೆಂದು ಬೀದರಿನ ಕಚೇರಿ ನಿಜಾಮರ ಕಾಲದಲ್ಲೇ ಹೇಳಿತ್ತು. ಮಾವ ಆಗಷ್ಟೇ ಔರಾದದಿಂದ ಭಾಲ್ಕಿಗೆ ವರ್ಗವಾಗಿ ಬಂದಿದ್ದರು. ಮಕ್ಕಳು ಮನೆಮನೆಯಿಂದ ತಂದ ಹಳೆಯ ಸಾಮಾನಿನದೇ ಒಂದು ಅಜಾಯಬಖಾನೆ, ಅಂದರೆ ವಸ್ತುಸಂಗ್ರಹಾಲಯ, ಮಾಡುತ್ತೇನೆಂದು ಕೇಳಿಕೊಂಡರು. ಮಂಜೂರಾಗುವ ಹೊತ್ತಿಗೆ ಪೊಲೀಸ್ ಆ್ಯಕ್ಷನ್ ಮುಗಿದು ನಿಜಾಮರ ರಾಜ್ಯವೇ ಹೋಗಿತ್ತು. ಕೇಳಿದ್ದು ಒಂದು ಸರಕಾರವನ್ನು, ಕೊಟ್ಟದ್ದು ಇನ್ನೊಂದು. ಪ್ರಾರ್ಥನೆಯ ವೇಳೆ ಯಾರಿಗೆ ಉಪಕಾರ ಹೇಳಬೇಕೆಂದು ತಿಳಿಯದೆ ಮಾವ, “ಕೊಟ್ಟವರು ಛಲೋ ಇರ್ಲಿ” ಎಂದು ಮುಗಿಸಿಬಿಟ್ಟರಂತೆ.

ಗಾಜಿನ ಅಲಮಾರಿ ಮಾಡಲು ಬಡಗಿ ಲಾಲ ಅಹ್ಮದ ಬಂದ. ನಿಜಾಮರ ರಾಜ್ಯ ಬಿದ್ದ ಆ ಸೆಪ್ಟೆಂಬರಿನ ಲೂಟಿ ಗದ್ದಲದಲ್ಲಿ ಅವನು ಮುದುಕಿ ತಾಯಿ ರಹೀಮುನ್ನಿಸಾಳನ್ನು ಬೆನ್ನಮೇಲೆ ಹೊತ್ತು ಸಾಯಗಾಂವದ ಕಡೆ ಜೋಳದ ಹೊಲದಲ್ಲಿ ಅಡಗಿದ್ದ. ತಿರುಗಿ ಬಂದರೆ ಮನೆಯಲ್ಲಿ ಗೋಡೆ ಬಿಟ್ಟು ಏನೂ ಉಳಿದಿರಲಿಲ್ಲ. ಹೋದ ಬೇರೆ ಸಾಮಾನಿಗೆಲ್ಲ ಮುದುಕಿ ಒಂದು ಮಾತೂ ಆಡಲಿಲ್ಲ. ತನ್ನ ಮದುವೆಯಲ್ಲಿ ಬಂದ ಬಿದರಿ ಕೆಲಸದ ಪಾನದಾನಕ್ಕೆ, ಆ ಎಲೆಅಡಿಕೆ ಡಬ್ಬಿಗೆ, ಮಾತ್ರ ದಿನಾ ಅಳುತ್ತಿದ್ದಳು.

ಮಕ್ಕಳು ಕುರಿಯ ಕೊರಳಗಂಟೆ ತಂದರು, ಕಂಬಳಿ ನೇಯುವ ಕೋಲು ತಂದರು, ಒಬ್ಬನಂತೂ ತನ್ನ ಅಜ್ಜನ ಹಲ್ಲನ್ನೇ ತಂದ. ಲಾಲ ಅಹ್ಮದ ಗಾಜು ಕೂರಿಸುತ್ತಿದ್ದಾಗ ಚಂದ್ರಭಾಗಾ ಎಂಬ ಹುಡುಗಿ ಸೆರಗಿನಲ್ಲಿ ಮುಚ್ಚಿಕೊಂಡು ಎಲೆಅಡಿಕೆಯ ಡಬ್ಬಿಯೊಂದನ್ನು ತಂದಳು. ಕಪ್ಪು ಮೈ, ಮೇಲೆ ಬೆಳ್ಳಿ ಎಳೆಯ ಹೂವು.

“ನಮ್ಮ ಅಜ್ಜಿದ್ರಿ” ಅಂದಳು ಹೆಮ್ಮೆಯಿಂದ.

ಲಾಲ ಅಹ್ಮದನ ಕೈ ನಿಂತಿತು. ಮಕ್ಕಳು ಹೊರಗೆ ಹೋದ ಮೇಲೆ ಮಾವನ ಹತ್ತಿರ ಬಂದು, “ಮಾಸ್ತರ್, ಅದು ನಮ್ಮ ಅಮ್ಮಾಂದು ಅದರಿ. ಏನೂ ಕೇಳಬ್ಯಾಡ್ರಿ. ಆ ಪೋರಿಗಿ ಗೊತ್ತಿಲ್ಲ. ನಾವು ಇದೇ ಊರಾಗ ಬಾಳಬೇಕಾಗ್ಯದ” ಅಂದ.

ಕೇಳಬೇಡ ಅಂದದ್ದನ್ನು ಕೇಳದೆ ಬಿಡುವುದು ಹೇಗೆ, ಕೇಳಿ ಬೆಂಕಿ ಹಚ್ಚುವುದು ಹೇಗೆ? ಮಾವನಿಗೆ ಅನ್ನ ಸೇರಲಿಲ್ಲ. ಕೊನೆಗೆ ಚಂದ್ರಭಾಗಾಳ ಅಪ್ಪ ಹಣಮಂತಪ್ಪನ ಹೊಲಕ್ಕೇ ಹೋದರು. ಜಗಳಕ್ಕೆ ಎದೆ ಗಟ್ಟಿ ಮಾಡಿಕೊಂಡು ಹೋಗಿದ್ದರು. ಅವನು ಜಗಳವಾಡಲಿಲ್ಲ, ಬದುವಿನ ಮೇಲೆ ಕುಸಿದು ಕೂತ.

“ಆ ಗದ್ದಲದಾಗ ಹಾದ್ಯಾಗ ಬಿದ್ದಿತ್ತು, ಎತ್ತಿಕೊಂಡು ಬಂದೆ ಮಾಸ್ತರ್ರಿ. ಯಾರದಂತ ಗೊತ್ತಿತ್ತು. ಮರುದಿನ ಕೊಡೂನು ಅಂದೆ, ಕಳ್ಳ ಅಂತಾರಂತ ಅಂಜಿಕಿ ಆತು. ಈಗ ಹ್ಯಾಂಗ ಹೋಗ್ಲಿ? ಅದಕ್ಕೇ ಪೋರಿಗಿ ಅಜ್ಜಿದಂತ ಹೇಳಿ ಸಾಲಿಗಿ ಕಳಿಸೀನಿ. ಸಾಲಿ ಎಲ್ಲರದು. ಲಾಲ ಅಹ್ಮದ ನೋಡ್ತಾನ, ಒಯ್ತಾನ ಅಂದ್ಕೊಂಡಿದ್ದೆ.”

ಹಣಮಂತಪ್ಪ, ಅವನೇ ಒಯ್ಯಲಿ ಅನ್ನುತ್ತಾನೆ. ಲಾಲ ಅಹ್ಮದ ಏನೂ ಕೇಳಬೇಡಿ ಅನ್ನುತ್ತಾನೆ. ನಡುವೆ ಅಲಮಾರಿಯ ಬೀಗದಕೈ ಹಿಡಿದು ನನ್ನ ಮಾವ! ಅಷ್ಟು ಸಿಟ್ಟು ಬರುತ್ತದೆ ನನಗೆ, ಇಬ್ಬರನ್ನೂ ಕರೆದು ಎದುರುಬದುರು ಕೂರಿಸಬಾರದಿತ್ತೆ ಎಂದು. ಆದರೆ ಆ ವರ್ಷ ಭಾಲ್ಕಿಯಲ್ಲಿ ಯಾರು ಯಾರ ಎದುರು ಕೂರುತ್ತಿದ್ದರು, ಅದೂ ನನಗೆ ತಿಳಿಯದು.

ಅನುದಾನ ಕೊಟ್ಟ ಬೀದರಿನ ಕಚೇರಿಯಿಂದ ಸಾಹೇಬರು ನೋಡಲು ಬಂದ ದಿನ ಊರೆಲ್ಲ ಶಾಲೆಯಲ್ಲಿ ಸೇರಿತು. ಮಗ ಮಾಡಿದ ಅಲಮಾರಿ ನೋಡಲು ರಹೀಮುನ್ನಿಸಾ ಕೂಡ ಕೋಲೂರಿಕೊಂಡು ಬಂದಳು. ಪಾನದಾನ ಅಲ್ಲಿದೆಯೆಂದು ಮಗ ಆಕೆಗೆ ಹೇಳಿರಲಿಲ್ಲ. ಹಣಮಂತಪ್ಪ ಹಿಂದಿನ ಗೋಡೆಗೆ ಅಂಟಿ ನಿಂತಿದ್ದ. ಮುದುಕಿ ಗಾಜಿನ ಮುಂದೆ ಬಂದು ನಿಂತದ್ದೇ ಅಲ್ಲಾಡಲಿಲ್ಲ. ಲಾಲ ಅಹ್ಮದ ಕಣ್ಣು ಮುಚ್ಚಿಕೊಂಡ. ಮಾವ ಯೋಚಿಸದೆ ಮಾಡಿದ ಕೆಲಸ ಜನ್ಮದಲ್ಲಿ ಅದೊಂದೇ ಇರಬೇಕು: ಬೀಗ ತೆಗೆದು ಪಾನದಾನವನ್ನು ಆಕೆಯ ಕೈಗೆ ಕೊಟ್ಟರು.

ಆಕೆ ಮುಚ್ಚಳ ತೆರೆದು ಮೂಗಿಗೆ ಹಿಡಿದಳು. ಹೂವಿನ ಮೇಲೆ ಬೆರಳಾಡಿಸಿದಳು. ಚಂದ್ರಭಾಗಾ ಓಡಿಬಂದು ಮುದುಕಿಯ ಕೈ ಹಿಡಿದಳು.

“ನಮ್ಮ ಅಜ್ಜಿದ್ರಿ ನಾನಿಮಾ! ಛಂದ ಅದ ಅಲಾ?”

ಮುದುಕಿ ಹುಡುಗಿಯ ಮುಖ ನೋಡಿದಳು. ಆಮೇಲೆ ಹುಡುಗಿಯ ಅಪ್ಪ ನಿಂತಿದ್ದ ಗೋಡೆಯ ಕಡೆ ನೋಡಿದಳು. ಹಣಮಂತಪ್ಪ ಟಾವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಿದ್ದ.

“ಭಾಳ ಛಂದ ಅದ ಬೇಟಿ” ಅಂದಳು. “ನಿಮ್ಮ ಅಜ್ಜಿ ಭಾಳ ಜ್ವಾಕಿ ಮಾಡಿ ಇಟ್ಟಾಳ. ನನ್ನ ಸಲಾಂ ಹೇಳು ಆಕಿಗಿ.”

ಪಾನದಾನವನ್ನು ತಾನೇ ಅಲಮಾರಿಯಲ್ಲಿಟ್ಟು, ಮಗನ ಹೆಗಲು ಹಿಡಿದು ಹೊರಟುಹೋದಳು.

ಸಾಹೇಬರು ತುಂಬ ಮೆಚ್ಚಿದರಂತೆ. ಮಾಸ್ತರರು ಯಾಕೆ ಅಳುತ್ತಿದ್ದಾರೆಂದು ಮಾತ್ರ ಅವರಿಗೆ ತಿಳಿಯಲಿಲ್ಲ. ಮಾವ ಮುಪ್ಪಿನಲ್ಲಿ ನನ್ನನ್ನು ಕೂರಿಸಿಕೊಂಡು ಕೇಳುತ್ತಿದ್ದರು: “ಆಕಿ ಹೋದ ಮ್ಯಾಲ ಅಲಮಾರಿಗಿ ನಾನೇ ಬೀಗ ಹಾಕಿದ್ನಲಾ. ಹಾಕಬಾರದಿತ್ತೇನು?” ನಾನು ಹೌದು ಅಂದರೆ ‘ಆದರ...’ ಅನ್ನುತ್ತಿದ್ದರು. ಇಲ್ಲ ಅಂದರೂ ಅದನ್ನೇ ಅನ್ನುತ್ತಿದ್ದರು.