ಹುಸಿಮೀನಿನ ಮಾವ

ಬೇರೆ ಮನೆಯ ಮಾವಂದಿರು ಬೆಳಗ್ಗೆ ಎದ್ದು ಕನ್ನಡಕ ಹುಡುಕಿದರೆ, ಈ ಮಾವ ಬಣ್ಣದ ಕುಂಚ ಹುಡುಕುತ್ತಾರೆ. ಕೆರೆಯ ಬಾಸ್ ಮೀನನ್ನು ಮರುಳುಮಾಡಲು ಗಾಳಕ್ಕೆ ಕಟ್ಟುವ ಬೆರಳುದ್ದದ ಮರದ ಹುಸಿಮೀನುಗಳಿಗೆ ಬಣ್ಣ ಬಳಿಯುವುದೇ ಅವರ ದಿನಚರಿ. ಮಿರುಗು ಸಾಲದೆಂದರೆ ಸೊಸೆಯ ಉಗುರುಬಣ್ಣವನ್ನೂ ಬಿಡುವವರಲ್ಲ. ಬಟ್ಟೆ ಒಣಹಾಕುವ ತಂತಿಯ ತುಂಬ ಹುಸಿಮೀನುಗಳೇ ತೂಗುತ್ತವೆ, ಟವೆಲ್ಲಿಗೆ ಜಾಗವಿಲ್ಲ. "ಬೆನ್ನು ಹಸಿರಾದ್ರೆ ಮೀನು ನಡ್ಕೊಂಡು ಬರುತ್ತೆ, ಹೊಟ್ಟೆ ಕೆಂಪಾದ್ರೆ ಓಡಿ ಬರುತ್ತೆ" ಎಂದು ಬಂದವರಿಗೆಲ್ಲ ಪಾಠ ಹೇಳುತ್ತಾರೆ. ತಮಾಷೆಯೆಂದರೆ, ಕೆಂಪು ಯಾವುದು ಹಸಿರು ಯಾವುದು ಎಂದು ಅವರ ಕಣ್ಣಿಗೆ ಹುಟ್ಟಿನಿಂದಲೂ ತಿಳಿಯದು. ಮೊದಲೆಲ್ಲ ಅವರಿಗೆ ಬಣ್ಣದ ಶೀಶೆ ಎತ್ತಿಕೊಡುತ್ತಿದ್ದುದು ಅತ್ತೆ. ಮೀನೂ ದೇವರು ಕೊಟ್ಟ ಜೀವವಲ್ಲವೇ ಎಂದು ಮರುಗಿ, ಮನಸ್ಸಿನಲ್ಲೇ ಗಂಡನಿಗೆ ತಪ್ಪಾಯಿತೆಂದು ಕೈಮುಗಿದು, ಮೀನು ಬಾರದಿರಲೆಂದು ಕೆಂಪು ಕೇಳಿದರೆ ಹಸಿರು ಕೊಡುತ್ತಿದ್ದರು. ಹಾಳು ಮೀನುಗಳು ಅದಕ್ಕೇ ಇನ್ನಷ್ಟು ಮುಗಿಬೀಳುತ್ತಿದ್ದವು! ಮಾವ ಮೀಸೆ ತಿರುವುತ್ತಿದ್ದರು. ಅತ್ತೆ ಒಲೆಯ ಕಡೆ ತಿರುಗಿ ನಕ್ಕು, "ಅವರಿಗೆ ಹೇಳ್ಬೇಡ ಕಣೇ" ಎಂದು ಸೊಸೆಯ ಕಿವಿಯಲ್ಲಿ ಪಿಸುಗುಡುತ್ತಿದ್ದರು. ಸೊಸೆ ಯಾರಿಗೂ ಹೇಳಲಿಲ್ಲ. ಅತ್ತೆ ತೀರಿಕೊಂಡ ಮೇಲೆ ತಂತಿ ಬಹಳ ದಿನ ಬರಿದಾಗಿತ್ತು. ಕೊನೆಗೊಂದು ಬೆಳಗ್ಗೆ ಮಾವ ಮತ್ತೆ ಕುಂಚ ಹುಡುಕಿ, "ಕೆಂಪು ಕೊಡಮ್ಮ" ಎಂದರು. ಸೊಸೆ ನೋಡಿ ನೋಡಿ ಕೆಂಪನ್ನೇ ಕೊಟ್ಟಳು. "ಇದು ಕೆಂಪೇನಾ?" "ದೇವರಾಣೆಗೂ ಕೆಂಪೇ ಮಾವ." ಮಾವ ಶೀಶೆಯ ಮುಚ್ಚಳವನ್ನು ಬೆರಳಿನಿಂದ ತಡವಿ ನೋಡಿ, ಅದನ್ನು ಮೆಲ್ಲಗೆ ಅವಳ ಕಡೆಗೇ ಸರಿಸಿದರು. "ಇದು ಬೇಡಮ್ಮ, ನಿಮ್ಮತ್ತೆ ಕೊಡ್ತಿದ್ದ ಕೆಂಪು ಕೊಡು."