ಹನೂರಿನ ವೇಬ್ರಿಡ್ಜ್ ಮೇಲೆ ಯಾರದೋ ತೂಕ

ಕೊಳ್ಳೇಗಾಲದಲ್ಲಿ ಕೂತು ಕಂಪ್ಯೂಟರ್ ಪ್ರೋಗ್ರಾಂ ಬರೆದು ಹೊಟ್ಟೆ ಹೊರೆಯುತ್ತೇನೆ ಎಂದರೆ ನಮ್ಮ ನೆಂಟರು ಇವತ್ತಿಗೂ ನಂಬುವುದಿಲ್ಲ. "ಜೆರಾಕ್ಸ್ ಅಂಗಡಿ ಇಟ್ಕಂಡವ್ಳೆ" ಎಂದೇ ಪರಿಚಯ ಮಾಡಿಕೊಡುತ್ತಾರೆ. ನನ್ನ ಗಿರಾಕಿಗಳು ಅಕ್ಕಿ ಗಿರಣಿಯವರು, ಔಷಧಿ ಅಂಗಡಿಯವರು, ಹೆಚ್ಚಾಗಿ ವೇಬ್ರಿಡ್ಜ್‌ನವರು. ಲಾರಿ ಬಂದು ನೆಲಮಟ್ಟದ ಕಬ್ಬಿಣದ ಹಾಸಿನ ಮೇಲೆ ನಿಂತರೆ, ಪಕ್ಕದ ಕೋಣೆಯ ಕಂಪ್ಯೂಟರಿನಲ್ಲಿ ದೊಡ್ಡ ಹಸಿರು ಅಂಕಿಯಲ್ಲಿ ತೂಕ ಮೂಡಬೇಕು, ಚೀಟಿ ಬರಬೇಕು. ಆ ಹಸಿರು ಅಂಕಿ ಮೂಡಿಸುವುದು ನನ್ನ ಪ್ರೋಗ್ರಾಂ.

ಈ ಕಸುಬಿನಲ್ಲಿ ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತದೆ. ಫೋನ್ ಮಾಡುವವರೆಲ್ಲ ಹೇಳುವುದು ಒಂದೇ ಮಾತು: "ನಾವೇನೂ ಮುಟ್ನಿಲ್ಲ ಮೇಡಂ, ತಾನಾಗೇ ಕೆಟ್ಟೋಯ್ತು." ಮುಟ್ಟದೆ ಕೆಡುವುದು ಹಾಲು ಮಾತ್ರ ಎಂದು ನಾನು ರೇಗುತ್ತೇನೆ. ಹನೂರಿನಿಂದ ಅಜ್ಜೀಪುರಕ್ಕೆ ಹೋಗುವ ದಾರಿಯ ಒಂದು ವೇಬ್ರಿಡ್ಜ್‌ನ ಆಪರೇಟರ್ ಫೋನ್ ಮಾಡಿ, "ಮೇಲೆ ಏನೂ ಇಲ್ದಿದ್ರೂ ತೂಕ ಬತ್ತದೆ ಮೇಡಮ್ಮೋರೇ" ಎಂದಾಗಲೂ ಮೊದಲು ರೇಗಿದೆ.

ಅವರು ಯಳಂದೂರು ಕಡೆಯ ಗದ್ದೆ ಬಯಲಿನವರು, ವಯಸ್ಸಿನಲ್ಲಿ ನನಗಿಂತ ಹಿರಿಯರು. ದುಡಿಯುತ್ತಿದ್ದ ಅಕ್ಕಿ ಗಿರಣಿ ಮುಚ್ಚಿದ ಮೇಲೆ ಹನೂರಿಗೆ ಬಂದು, ತೂಕದ ಕೋಣೆಯ ಹಿಂದಿನ ಶೀಟಿನ ಮನೆಯಲ್ಲಿ ಒಬ್ಬರೇ ಇದ್ದರು. ನಾನು ಅಣ್ಣ ಎನ್ನುತ್ತಿದ್ದೆ. ಸಂಜೆ ಲಾರಿಗಳ ಓಡಾಟ ನಿಂತ ಮೇಲೆ ಖಾಲಿ ಹಾಸಿನ ಮೇಲೆ ಅಂಕಿ ಏಳುತ್ತದೆ ಎಂದರು. ಒಮ್ಮೆ ಒಂಬೈನೂರು ಕೇಜಿ, ಒಮ್ಮೆ ಎರಡು ಸಾವಿರ ಚಿಲ್ಲರೆ, ಸ್ವಲ್ಪ ಹೊತ್ತಿಗೆ ಮತ್ತೆ ಸೊನ್ನೆ. ಧೈರ್ಯ ಮಾಡಿ ಹೊರಗೆ ಬಂದು ನೋಡುವಷ್ಟರಲ್ಲಿ ಏನೂ ಇರುವುದಿಲ್ಲ.

"ಇಲ್ಲಿ ಮುಂಚೆ ಒಬ್ಬ ಅಮಾಲಿ ಲಾರಿಗ್ ಸಿಕ್ಕಿ ಸತ್ತೋಗಿದ್ನಂತೆ ಕಣ್ರೀ. ಅವ್ನೇ ಬತ್ತಾವ್ನೆ ಅಂತಾರೆ."

"ಹಮಾಲಿ ಎಷ್ಟೇ ಮುದ್ದೆ ಉಂಡಿದ್ರೂ ಎರಡು ಸಾವಿರ ಕೇಜಿ ಆಗ್ತಾನೇನಣ್ಣ?"

ಅವರು ನಗಲಿಲ್ಲ. "ಸತ್ ಮೇಲೆ ಏಟು ತೂಕ ಆಯ್ತಾರೋ ಯಾರ್ ಕಂಡವ್ರೆ" ಎಂದರು.

ಇಷ್ಟೇ ಆಗಿದ್ದರೆ ಬರುವ ವಾರ ನೋಡೋಣ ಎಂದು ಫೋನ್ ಇಡುತ್ತಿದ್ದೆನೋ ಏನೋ. ಆದರೆ ವೇಬ್ರಿಡ್ಜ್ ಇಟ್ಟಿದ್ದ ಜೋಳದ ಮಂಡಿ ಸಾಹುಕಾರರ ಮೊಬೈಲಿಗೂ ಅದೇ ಅಂಕಿ ಕಾಣುವ ಹಾಗೆ ನಾನೇ ಮಾಡಿಕೊಟ್ಟಿದ್ದೆ. ಅವರು ಮನೆಯಲ್ಲಿ ಕಾಫಿ ಕುಡಿಯುತ್ತ, ಬಾಗಿಲು ಮುಚ್ಚಿರಬೇಕಾದ ಹೊತ್ತಿನಲ್ಲಿ ತೂಕ ಏಳುವುದನ್ನು ಕಂಡಿದ್ದರು. ಆಪರೇಟರ್ ಕದ್ದು ಬೇರೆಯವರ ಗಾಡಿ ತೂಗುತ್ತಿದ್ದಾನೆ ಎಂಬುದು ಅವರ ತೀರ್ಮಾನ. "ತಪ್ಪು ಕಂಪ್ಯೂಟರ್‌ದೋ ಇಲ್ಲ ಅವನದೋ, ಎರಡರಲ್ಲಿ ಒಂದು ಯೋಳ್ಬುಡಿ ಮೇಡಂ. ಕಂಪ್ಯೂಟರ್ ಸರಿ ಇದ್ರೆ ಅವನು ಗಂಟುಮೂಟೆ ಕಟ್ಲಿ" ಎಂದರು. ಆ ವಯಸ್ಸಿನಲ್ಲಿ ಕಳ್ಳ ಅನ್ನಿಸಿಕೊಂಡು ಯಳಂದೂರಿಗೆ ವಾಪಸು ಹೋದರೆ ಯಾರು ಕೆಲಸ ಕೊಡುತ್ತಾರೆ? ನನಗೆ ಅವರ ಮೇಲಿನ ಕೋಪ ಇಳಿದು ಸಾಹುಕಾರರ ಮೇಲೆ ಹತ್ತಿತು. ಹೇಗಾದರೂ ತಪ್ಪು ನನ್ನ ಪ್ರೋಗ್ರಾಮಿನದೇ ಎಂದು ತೋರಿಸಲೇಬೇಕು ಎಂದು ಹಟ ಹಿಡಿದೆ. ನನ್ನ ಕೆಲಸ ಕೆಟ್ಟಿದೆ ಎಂದು ಸಾಬೀತು ಮಾಡಲು ಅಷ್ಟು ಒದ್ದಾಡಿದ್ದು ಅದೊಂದೇ ಸಲ.

ತೂಗುವ ಯಂತ್ರ ಅಂಕಿಗಳನ್ನು ಒಂದೊಂದಾಗಿ ತಂತಿಯಲ್ಲಿ ಕಳಿಸುತ್ತದೆ. ಪ್ರೋಗ್ರಾಂ ಅವಸರಪಟ್ಟು ಸಾಲು ಮುಗಿಯುವ ಮೊದಲೇ ಓದಿದರೆ ಹದಿನೆಂಟು ಸಾವಿರದ ಲಾರಿ ಸಾವಿರದ ಎಂಟುನೂರಾಗುತ್ತದೆ. ಅದಿರಬಹುದೆಂದು, ಸಾಲು ಪೂರ್ತಿ ಬರುವವರೆಗೆ ಕಾಯುವ ಹಾಗೆ ತಿದ್ದಿದೆ. ಮತ್ತೆ ಬಂತು. ತಂತಿ ಬದಲಿಸಿ, ಅರ್ತಿಂಗ್ ಹಾಕಿಸಿದೆ. ಒಂದೆರಡು ಸಂಜೆ ಸುಮ್ಮನಿದ್ದು ಮತ್ತೆ ಬಂತು. ಪ್ರೋಗ್ರಾಮಿನ ಎರಡು ಕೆಲಸಗಳು ಒಂದೇ ಕ್ಷಣ ಪರದೆ ಮೇಲೆ ಬರೆಯಲು ಹೋಗಿ ಡಿಕ್ಕಿ ಹೊಡೆಯುತ್ತಿರಬಹುದು ಎಂದು, ಒಂದಾದ ಮೇಲೆ ಒಂದು ಬರೆಯುವ ಹಾಗೆ ಮಾಡಿದೆ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅನ್ನುವ ಹಾಗೆ ಅದು ಬಂದೇ ಬಂತು.

ನನ್ನನ್ನು ಒಳಗೊಳಗೇ ಅಂಜಿಸಿದ್ದು ಬೇರೆ ಸಂಗತಿ. ಪ್ರೋಗ್ರಾಂ ಸುಳ್ಳು ಹೇಳುವಾಗಲೂ ಎಲ್ಲಿಂದಲೋ ಕದ್ದು ಹೇಳುತ್ತದೆ. ಬೆಳಗಿನ ಲಾರಿಯ ತೂಕವನ್ನು ಸಂಜೆ ತೋರಿಸಬಹುದು, ಒಂದು ಅಂಕಿ ನುಂಗಬಹುದು, ತಿರುವುಮುರುವು ಮಾಡಬಹುದು. ಹೊಸದನ್ನು ಅದು ಹುಟ್ಟಿಸಲಾರದು. ಈ ತೂಕಗಳು ಮಾತ್ರ ಯಾವ ಲಾರಿಯ ತೂಕದ ತುಂಡೂ ಆಗಿರಲಿಲ್ಲ. ಸಂಜೆ ಅಂಗಡಿಯಲ್ಲಿ ಕೂತು ಅದನ್ನೇ ಯೋಚಿಸುವಾಗ, ಬಾಗಿಲಿನ ಕಡೆ ಬೆನ್ನು ಹಾಕಿ ಕೂರಲು ಮನಸ್ಸಾಗುತ್ತಿರಲಿಲ್ಲ.

ಕೊನೆಗೆ ನನ್ನ ಕಣ್ಣಾರೆ ನೋಡಿಬಿಡುತ್ತೇನೆ ಎಂದುಕೊಂಡೆ. ದೀಪ ಹಚ್ಚುವ ಹೊತ್ತಿಗೆ ಅಣ್ಣನ ಕಂಪ್ಯೂಟರಿನ ಪರದೆ ನನ್ನ ಪರದೆಯ ಮೇಲೆ ಬರುವ ಹಾಗೆ ಇಂಟರ್‌ನೆಟ್‌ನಲ್ಲಿ ಜೋಡಿಸಿದೆ. ಕೊಳ್ಳೇಗಾಲದಲ್ಲಿ ಕೂತು ಹನೂರಿನ ಹಸಿರು ಸೊನ್ನೆಯನ್ನು ನೋಡುತ್ತಿದ್ದೆ. ಅವರ ಫೋನ್ ಚಾರ್ಜಿಗೆ ಹಾಕಿ ಕಿಟಕಿಯ ಕಟ್ಟೆ ಮೇಲಿತ್ತು, ಸ್ಪೀಕರ್ ಹಾಕಿಸಿದ್ದೆ.

"ಅಣ್ಣ, ಹೋಗಿ ಹಾಸಿನ ಮೇಲೆ ನಿಂತ್ಕೊಳ್ಳಿ. ಖಾಲಿ ಇದ್ದಾಗ ಏನು ತೋರಿಸುತ್ತೆ, ಆಳು ನಿಂತಾಗ ಏನು ತೋರಿಸುತ್ತೆ ನೋಡೋಣ."

"ಈಗ್ಲಾ? ಮಬ್ಬು ಕವೀತಾ ಅದೆ. ಆಚೆ ಲೈಟೂ ಇಲ್ಲ."

"ಸಂಜೆ ಬರೋದನ್ನ ಹಗಲಲ್ಲಿ ಹುಡುಕಿದ್ರೆ ಸಿಗುತ್ತಾ?"

ಅವರು ಹೋದರು. ಚಪ್ಪಲಿ ಸದ್ದು ದೂರವಾಯಿತು. ಸೊನ್ನೆ ಅಲುಗಿ ಅರವತ್ತಾಯಿತು. ಅದು ಅವರ ತೂಕ. "ಸರಿಯಾಗಿದೆ, ಅಲ್ಲೇ ಇರಿ" ಎಂದು ಕೂಗಿದೆ. ಅಂಕಿ ಅರವತ್ತರಲ್ಲಿ ಗಟ್ಟಿಯಾಗಿ ನಿಂತಿತು, ಕಂಪ್ಯೂಟರ್ ಒಮ್ಮೆ ಬೀಪ್ ಎಂದು ಸುಮ್ಮನಾಯಿತು. ಫೋನಿನಲ್ಲಿ ಫ್ಯಾನಿನ ಸದ್ದು, ಹುಳುಗಳ ಸದ್ದು ಬಿಟ್ಟರೆ ಏನಿಲ್ಲ.

ಆಮೇಲೆ ಅಂಕಿ ಏರಿತು. ಎಂಟುನೂರು, ಸಾವಿರದ ಆರುನೂರು, ಮೂರು ಸಾವಿರದ ಹತ್ತು. ನಾನು ಖುಷಿಯಿಂದ ಮೇಜು ಬಡಿದೆ. ಎಷ್ಟು ದಿನದಿಂದ ಕಾಡಿದ ದೋಷ ಕಣ್ಣೆದುರಿಗೇ ಸಿಕ್ಕಿಬಿದ್ದಿತ್ತು. "ಬಂತು ಕಣಣ್ಣ, ಬಂತು! ಅಲ್ಲಾಡಬೇಡಿ!" ಎಂದೆ. ಉತ್ತರ ಬರಲಿಲ್ಲ.

ಲಾರಿ ಬಂದು ನಿಂತರೆ ಅಂಕಿ ಒಂದೆರಡು ಸಲ ಅಲುಗಿ ಕಲ್ಲಾಗುತ್ತದೆ. ತಂತಿಯ ದೋಷವಾದರೆ ಹುಚ್ಚಾಪಟ್ಟೆ ಕುಣಿಯುತ್ತದೆ. ಇದು ಎರಡೂ ಅಲ್ಲ. ಮೂರು ಸಾವಿರದ ಹತ್ತು, ಮೂರು ಸಾವಿರದ ಇಪ್ಪತ್ತು, ಮೂರು ಸಾವಿರ, ಮತ್ತೆ ಇಪ್ಪತ್ತು. ನಿಧಾನವಾಗಿ ಹೋಗಿ ಬರುತ್ತಿತ್ತು. ಭಾರವನ್ನು ಈ ಕಾಲಿನಿಂದ ಆ ಕಾಲಿಗೆ ಹಾಕುತ್ತ ನಿಂತ ಹಾಗೆ. ಅದನ್ನು ನೋಡುತ್ತ ನೋಡುತ್ತ ನನಗೆ ಅರ್ಥವಾಯಿತು. ಅಂಕಿ ಸುಳ್ಳಾಗಿರಲಿಲ್ಲ, ಒಂದು ದಿನವೂ ಸುಳ್ಳಾಗಿರಲಿಲ್ಲ. ಕಾಡಂಚಿಗೆ ಬೇಲಿ ಹಾಕಿದ ಮೇಲೆ ಆ ಬದಿಗೆ ಆನೆ ಬರುವುದು ನಿಂತಿದೆ ಎಂದು ಊರಿಗೆ ಊರೇ ನಂಬಿತ್ತು. ನಾನು ಒಬ್ಬ ಮನುಷ್ಯನನ್ನು ಕತ್ತಲಲ್ಲಿ ಆನೆಯ ಪಕ್ಕ ನಿಲ್ಲಿಸಿ, ಅಲ್ಲಾಡಬೇಡಿ ಎಂದು ಕೂಗುತ್ತಿದ್ದೆ.

ಬಾಯಿ ಮುಚ್ಚಿಕೊಂಡೆ. ಆಗ ಇನ್ನೊಂದು ನೆನಪಾಯಿತು. ತೂಕ ಗಟ್ಟಿಯಾಗಿ ನಿಂತರೆ ಕೇಳಲಿ ಎಂದು, ಏರಿ ನಿಂತ ಪ್ರತಿ ತೂಕಕ್ಕೂ ಒಂದು ಬೀಪ್ ಸದ್ದು ಇಟ್ಟಿದ್ದೆ. ಆನೆ ತೂಗಾಡುತ್ತಿರುವುದರಿಂದ ಸದ್ದಾಗಿಲ್ಲ, ಒಂದು ಕ್ಷಣ ಅದು ಸುಮ್ಮನೆ ನಿಂತರೆ ಕಂಪ್ಯೂಟರ್ ಕೂಗುತ್ತದೆ. ಇಲ್ಲಿಂದಲೇ ಮೌಸ್ ಸರಿಸಿ ಅಲ್ಲಿನ ಸದ್ದನ್ನು ಅಡಗಿಸಬೇಕು. ಅವಸರಕ್ಕೆ ಬಾಣ ಎಲ್ಲೆಲ್ಲಿಗೋ ಓಡಿತು. ಅಂತೂ ಅಡಗಿಸಿದೆ.

ಅಂಕಿ ಇಳಿಯತೊಡಗಿತು. ಎರಡು ಸಾವಿರ, ಒಂಬೈನೂರು, ಅರವತ್ತು.

ಅರವತ್ತು ನಿಂತಿತು. ಆನೆ ಇಳಿದು ಹೋಯಿತು, ಅಣ್ಣ ನಿಂತಿದ್ದಾರೆ, ಬದುಕಿದ್ದಾರೆ. ಒಂದು ಸಂಖ್ಯೆಗೆ ಕೈ ಮುಗಿಯಬೇಕು ಅನ್ನಿಸಿದ್ದು ಅವತ್ತೇ. ಸ್ವಲ್ಪ ಹೊತ್ತು ಕಾದೆ, ಅದು ಏರಲಿಲ್ಲ. "ಅಣ್ಣ, ಹೋಯ್ತು. ಒಳಗೆ ಬಂದುಬಿಡಿ" ಎಂದೆ.

ಫೋನಿನಲ್ಲಿ ಏನೋ ಸರಿದ ಸದ್ದಾಯಿತು. ಆಮೇಲೆ ಹತ್ತಿರದಲ್ಲೇ ಒಂದು ಉಸಿರು. ಓಡಿ ಬಂದವರ ಏದುಸಿರಲ್ಲ, ಉದ್ದಕ್ಕೆ ಎಳೆದು ಬಿಡುವ ಭಾರವಾದ ಉಸಿರು. ಪಾಪ, ಜೀವ ಬಾಯಿಗೆ ಬಂದಿರಬೇಕು ಎಂದುಕೊಂಡು ಮಾತಾಡಿಸಿದೆ. ಕೂತ್ಕೊಳ್ಳಿ ಅಂದೆ, ನೀರು ಕುಡೀರಿ ಅಂದೆ. ತಪ್ಪು ನನ್ನದೇ, ನಾಳೆ ಸಾಹುಕಾರರಿಗೆ ನಾನೇ ಹೇಳುತ್ತೇನೆ, ನಿಮ್ಮ ಮೇಲೆ ಯಾವ ಮಾತೂ ಬರದ ಹಾಗೆ ನೋಡಿಕೊಳ್ಳುತ್ತೇನೆ ಅಂದೆ. ಹೇಳಿದ್ದನ್ನೇ ಹೇಳುತ್ತಿದ್ದೆ. ಉಸಿರು ಕೇಳಿಸುತ್ತಿತ್ತು, ಮಾತಿಲ್ಲ. ಹಾಗೆ ಮಾತಾಡುತ್ತಲೇ ಪರದೆಯ ಕಡೆ ಕಣ್ಣು ಹೋಯಿತು. ಅಲ್ಲಿ ಇನ್ನೂ ಅರವತ್ತು ಇತ್ತು.

ಅಣ್ಣ ಕೋಣೆಯೊಳಗೆ ಬಂದಿದ್ದರೆ ಹಾಸಿನ ಮೇಲೆ ನಿಂತಿರುವುದು ಯಾರು? ಅಣ್ಣ ಹಾಸಿನ ಮೇಲಿದ್ದರೆ ಕಿಟಕಿಯ ಬಳಿ ಉಸಿರಾಡುತ್ತಿರುವುದು ಯಾರು?

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಎರಡು ಮಾಹಿತಿ ಹೊಂದದಿದ್ದರೆ ಒಂದು ಸುಳ್ಳಿರಬೇಕು, ಇದು ನಮ್ಮ ಕಸುಬಿನ ಮೊದಲ ಪಾಠ. ಸುಳ್ಳು ಯಾವುದು ಎಂದು ಹುಡುಕುವ ಧೈರ್ಯ ಆ ಹೊತ್ತಿನಲ್ಲಿ ನನಗಿರಲಿಲ್ಲ. ಮಾತು ನಿಲ್ಲಿಸಿದೆ. ಉಸಿರೂ ನಿಂತಿತು. ಆಮೇಲೆ ಫೋನಿನಲ್ಲಿ ಫ್ಯಾನಿನ ಸದ್ದು ಮಾತ್ರ, ಬಹಳ ಹೊತ್ತು. ಪರದೆ ಮೇಲೆ ಅರವತ್ತು.

ಸಾಹುಕಾರರಿಗೆ ಫೋನ್ ಮಾಡಬಹುದು ಎಂಬುದು ಕೂಡ ಹೊಳೆಯದೆ ಕೂತಿದ್ದೆ. ಎಷ್ಟೋ ಹೊತ್ತಿನ ಮೇಲೆ ಚಪ್ಪಲಿಯಿಲ್ಲದ ಹೆಜ್ಜೆ ಕೇಳಿಸಿತು. "ಬದ್ಕಿವ್ನಿ ಮೇಡಮ್ಮೋರೇ" ಎಂದು ಪಿಸುಗುಟ್ಟಿ ಅವರು ಫೋನ್ ಇಟ್ಟುಬಿಟ್ಟರು. ನಾನು ಬಿಕ್ಕಿ ಬಿಕ್ಕಿ ಅತ್ತೆ.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಹನೂರಿಗೆ ಹೋದೆ. ಸಾಹುಕಾರರು ನನಗಿಂತ ಮುಂಚೆ ಬಂದು, ಕಿಟಕಿಯ ಕೆಳಗಿನ ಮಣ್ಣಿನಲ್ಲಿ ಮೂಡಿದ್ದ ಹೆಜ್ಜೆಗಳನ್ನು ನೋಡುತ್ತ ನಿಂತಿದ್ದರು. ಒಂದೊಂದೂ ಮೊರದಗಲ. ಲಾರಿಗಳಿಂದ ಚೆಲ್ಲುವ ಜೋಳ ತಿನ್ನಲು ಅದು ಬರುತ್ತಿತ್ತು, ಹಾಸಿನ ಸುತ್ತಲಿನ ಹೆಜ್ಜೆಗಳನ್ನು ಬೆಳಗಿನ ಲಾರಿಗಳೇ ಅಳಿಸಿಬಿಡುತ್ತಿದ್ದವು. ಸಾಹುಕಾರರು ಆಪರೇಟರ್ ಕಡೆ ತಿರುಗಿ, "ಬುಡಪ್ಪ, ಏನೋ ಅಂದ್ಬುಟ್ಟಿದ್ದೆ, ಮನಸ್ಸಲ್ಲಿಟ್ಕಬೇಡ" ಎಂದರು. ಆ ಮಾತಿಗೇ ಅಲ್ಲವೇ ನಾನು ಇಷ್ಟೆಲ್ಲ ಮಾಡಿದ್ದು ಅನ್ನಿಸಿತು.

ಹಾಸಿನ ಅಂಚಿನಿಂದ ಕೋಣೆಗೆ ಬರುವ ತಂತಿ ಕಿತ್ತು ಬಿದ್ದಿತ್ತು. ಆನೆ ಇಳಿಯುವಾಗ ಕಾಲಿಗೆ ಸಿಕ್ಕಿರಬೇಕು. ಆ ತಂತಿ ಕಿತ್ತಾಗ ಕೋಣೆಯಲ್ಲಿರುವ ತೂಗುವ ಯಂತ್ರ ಅಂಕಿಯ ಬದಲು ದೋಷವೆಂಬ ಸಂಕೇತ ಕಳಿಸುತ್ತದೆ. ಅಂಥದ್ದು ಬಂದಾಗ ಪರದೆ ಮೇಲೆ ಕೆಂಪು ಪೆಟ್ಟಿಗೆ ಹಾರಿದರೆ ಗಿರಾಕಿಗಳು ಬೈಯುತ್ತಾರೆಂದು, ಸದ್ದಿಲ್ಲದೆ ನುಂಗಿಕೊಂಡು ಹಳೆಯ ಅಂಕಿಯನ್ನೇ ಇಟ್ಟುಕೊಂಡಿರು ಎಂದು ಪ್ರೋಗ್ರಾಮಿನಲ್ಲಿ ಬರೆದಿದ್ದೆ. ನಾನು ನಂಬಿ ಕೂತಿದ್ದ ಅರವತ್ತು ಅದು. ಅಲ್ಲೇ ಕೂತು ಆ ಸಾಲುಗಳನ್ನು ಅಳಿಸಿದೆ. ಈಗ ಮಾಹಿತಿ ನಿಂತರೆ ಪರದೆ ಕಪ್ಪಾಗುತ್ತದೆ, ಗಿರಾಕಿಗಳು ಬೈದುಕೊಳ್ಳಲಿ.

ಸಾಹುಕಾರರು ಹೋದ ಮೇಲೆ ಅಣ್ಣ ನನಗೊಂದು ಲೋಟ ಟೀ ತಂದುಕೊಟ್ಟು, ಗೋಡೆಗೊರಗಿ ಕೂತು ಹೇಳಿದರು.

"ಅದು ಕೆಳಕ್ಕೇನೋ ಇಳೀತು, ಆದ್ರೆ ಓಗ್ನಿಲ್ಲ. ನನ್ ಮುಂದ್ಕೇ ಬಂದು ನಿಂತ್ಕತು. ಅಷ್ಟ್ರಲ್ಲಿ ಕಿಟಕೀಲಿ ನಿಮ್ ದನಿ ಬಂತು, ಒಳಗ್ ಬನ್ನಿ ಅಂತ. ಅದು ಅತ್ತಗೆ ತಿರುಗ್ತು. ನಾನು ಚರಂಡಿಗೆ ಉರುಳ್ಕಂಡೆ. ನೀವು ಮಾತಾಡ್ತಾನೇ ಇದ್ರಿ, ಅದು ಕಿಟಕಿ ಕಂಬೀಗೆ ಮೊಕ ಕೊಟ್ಕಂಡು ಸುಮ್ಕೆ ಕೇಳ್ತಾನೇ ನಿಂತಿತ್ತು. ನೀವು ಮಾತಾಡ್ತಾನೇ ಇರ್ಲಪ್ಪ ಅಂತ ಮಾದೇಶ್ವರನ್ನ ಬೇಡ್ಕತಾ ಬಿದ್ದಿದ್ದೆ, ಇಂದಕ್ಕೆ ಗದ್ದೆ ಕಡೆ ತೆವ್ಳ್ಕಂಡು ಓಗಕೆ ಇನ್ನೊಂದೀಟೇ ಇತ್ತು. ನಿಮ್ ಮಾತು ನಿಂತೋಯ್ತು. ಅದು ಈಚೆಗೆ ತಿರುಗ್ತು. ಚರಂಡಿ ತಾವ್ಕೆ ಬಂದು ನನ್ ಬೆನ್ ಮೇಲೆ ಸೊಂಡ್ಲಿಟ್ಟು ಮೂಸ್ತಾ ನಿಂತ್ಕತು, ಗಂಗಾಳದಲ್ಲಿ ಕೈಯಾಡ್ಸ್ದಂಗೆ."

ಅವರು ಅಂಗಿಯ ಬೆನ್ನನ್ನು ಒಂದು ಸಲ ಮುಟ್ಟಿ ನೋಡಿಕೊಂಡರು. ಕೋಪವೇನೂ ಇರಲಿಲ್ಲ, ತಿಳಿದುಕೊಳ್ಳಬೇಕು ಎಂಬಂತೆ ಕೇಳಿದರು:

"ಅಷ್ಟ್ ಚೆನ್ನಾಗ್ ಮಾತಾಡ್ತಿದ್ರಿ. ಅದ್ಯಾಕ್ ನಿಲ್ಸ್ಬುಟ್ರಿ ಮೇಡಮ್ಮೋರೇ?"